ಆರ್ಲೆನ್ ಹಾಕಿಸಿದ ಕಲಮು

ಶನಿವಾರ ಬೆಳಿಗ್ಗೆ ಏಳೂವರೆಗೆ ಕ್ಲೆವನ್‌ರ ಮನೆಯಿಂದ ಫೋನು ಬಂತು. ಹೊಸ ಶಾಲೆಯಲ್ಲಿ ಐಸ್ ಹಾಕಿ ಆಟ ಆಡಿಸುವುದಿಲ್ಲವಂತೆ, ಹಾಗಾದರೆ ತಮ್ಮ ಹುಡುಗನನ್ನು ನಗರದಲ್ಲಿರುವ ಅವನ ಅತ್ತೆಯ ಮನೆಗೆ ಕಳಿಸುತ್ತಾರಂತೆ. ಆರ್ಲೆನ್ ಟ್ವೆಟ್‌ನ ಕೈಯಲ್ಲಿದ್ದ ಕಾಫಿ ಹಾಗೇ ಆರಿತು. ನಲವತ್ತು ಇದ್ದ ಅರ್ಜಿ ಮೂವತ್ತೊಂಬತ್ತಾಯಿತು.

ರಾಜ್ಯ ಸರ್ಕಾರ ಆ ವರ್ಷ ಪ್ರಯೋಗಕ್ಕೆಂದು ಮೂರೇ ಮೂರು ಚಾರ್ಟರ್ ಶಾಲೆಗಳಿಗೆ ಅವಕಾಶ ಕೊಟ್ಟಿತ್ತು. ದುಡ್ಡು ಸರ್ಕಾರದ್ದು, ಆಡಳಿತ ಊರವರದು. ಸಂಜೆ ನಾಲ್ಕರೊಳಗೆ ನಲವತ್ತು ಮಕ್ಕಳ ಅರ್ಜಿ ತೋರಿಸದಿದ್ದರೆ ಅವಕಾಶ ಬೇರೆ ಊರಿನ ಪಾಲು. ಗೋಧಿ ಗೋದಾಮಿನಲ್ಲಿ ತೂಕ ನೋಡುವ ಆರ್ಲೆನ್ ಶಾಲಾ ಸಮಿತಿಯ ಅಧ್ಯಕ್ಷನಾದದ್ದು ದೇಶೋದ್ಧಾರಕ್ಕೇನೂ ಅಲ್ಲ. ಊರ ಶಾಲೆ ಮುಚ್ಚಿದ ಮೇಲೆ ಅವನ ಮಗಳು ಬ್ರಿಟಾ ಆರೂಕಾಲರ ಬಸ್ಸು ಹತ್ತಿ ಮೂವತ್ತೆಂಟು ಮೈಲಿ ದೂರದ ಶಾಲೆಗೆ ಹೋಗುತ್ತಿದ್ದಳು. ಎಂಟು ವರ್ಷದ ಕೂಸು ಚಮಚ ಬಾಯಲ್ಲಿಟ್ಟುಕೊಂಡೇ ತೂಕಡಿಸುವುದನ್ನು ನೋಡಿದಾಗೆಲ್ಲ ಅವನಿಗೆ ಕರುಳು ಚುರುಕ್ ಎನ್ನುತ್ತಿತ್ತು.

ಚಳಿಗಾಲದಲ್ಲಿ ರಾಜಧಾನಿಯಲ್ಲಿ ಈ ಶಾಲೆಗಳ ಮಸೂದೆಯ ವಿಚಾರಣೆ ನಡೆದಾಗ ಸೆನೆಟರ್ ಒಬ್ಬರು ಕನ್ನಡಕದ ಮೇಲಿಂದ ನೋಡಿ, ಇಷ್ಟೆಲ್ಲ ಓಡಾಟ ನಿಮ್ಮ ಮಗುವಿಗೋಸ್ಕರ ತಾನೆ ಎಂದು ಕೇಳಿಬಿಟ್ಟರು. ಆರ್ಲೆನ್‌ನ ಕಿವಿ ಕೆಂಪಾಯಿತು.

"ಹಂಗಿದ್ರೆ ಬರ್ಕೊಳ್ಳಿ ಸಾರ್. ಶಾಲೆ ಕಟ್ಟಿದವರ ಮಕ್ಕಳಿಗೆ ಎಳ್ಳಷ್ಟೂ ರಿಯಾಯ್ತಿ ಬೇಡ."

ಅವರು ನಿಜವಾಗಿಯೂ ಬರೆದುಕೊಂಡರು. ಹನ್ನೊಂದನೇ ಕಲಮಾಗಿ ಅಚ್ಚಾಯಿತು. ಆರ್ಲೆನ್ ಆ ಪುಟವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬಂದವರಿಗೆಲ್ಲ ತೋರಿಸುತ್ತಿದ್ದ.

ಈಗ ಒಂದು ಮಗು ಬೇಕಿತ್ತು. ಮೊದಲು ಡೊರೀನ್ ಕ್ವಾಮ್‌ರ ಮನೆಗೆ ಹೋದ. ಮೂವತ್ತು ವರ್ಷ ಊರಿನ ಅಂಚೆ ಕಚೇರಿ ನಡೆಸಿದ ಆಕೆಗೆ ಯಾರ ಮನೆಗೆ ಯಾವ ಕಾಗದ ಬಂದಿತ್ತೆಂದು ಇನ್ನೂ ನೆನಪಿತ್ತು. ಶಾಲೆಗೆ ಹೋಗುವ ಮೊಮ್ಮಗ ಆಕೆಯ ಜೊತೆಗೇ ಇದ್ದ. ಆಕೆ ಆರ್ಲೆನ್‌ಗೆ ಎರಡು ತುಂಡು ಪೈ ತಿನ್ನಿಸಿ, ಶಾಲೆಯಲ್ಲಿ ಪಿಯಾನೋ ಇಡಬೇಕು, ಅದನ್ನು ಕಲಿಸುವವಳು ತಾನೇ ಆಗಬೇಕು, ಕಟ್ಟಡದ ಹಿಂದಿನ ದೊಡ್ಡ ಕೋಣೆ ತನಗೇ ಬೇಕು ಎಂದರು. ಆರ್ಲೆನ್ ಎಲ್ಲದಕ್ಕೂ ಹೂಂ ಎಂದ.

"ಆಯ್ತು, ಯೋಚ್ನೆ ಮಾಡಿ ಹೇಳ್ತೀನಪ್ಪ," ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಯೋಚನೆಯನ್ನು ನಂಬಿ ಕೂರುವಂತಿರಲಿಲ್ಲ. ಟ್ರಾಕ್ಟರ್ ರಿಪೇರಿಯ ಗೇಲನ್‌ನ ಹತ್ತಿರ ಓಡಿದ. ಗೇಲನ್ ಟ್ರಾಕ್ಟರಿನ ಕೆಳಗೆ ಮಲಗಿಕೊಂಡೇ ಮಾತಾಡಿದ. ಅವನ ಮಗಳು ಬರಬೇಕಾದರೆ ಮಕ್ಕಳಿಗೆ ಇಂಜಿನ್ ಬಿಚ್ಚಲು ಕಲಿಸಬೇಕು, ಅದಕ್ಕೆ ಹಿಂದಿನ ದೊಡ್ಡ ಕೋಣೆಯೇ ಆಗಬೇಕು. ಆರ್ಲೆನ್ ಅದಕ್ಕೂ ಹೂಂ ಎಂದ. ಗೇಲನ್ ಅರ್ಜಿಗೆ ಸಹಿಯ ಜೊತೆಗೆ ಎಣ್ಣೆಯ ಹೆಬ್ಬೆಟ್ಟನ್ನೂ ಒತ್ತಿಕೊಟ್ಟ.

ಮೂರೂಮುಕ್ಕಾಲಿಗೆ ಚರ್ಚಿನ ಸಭಾಂಗಣದಲ್ಲಿ ರಾಜ್ಯದಿಂದ ಬಂದಿದ್ದ ಅಧಿಕಾರಿಣಿ ನಲವತ್ತು ಅರ್ಜಿ ಎಣಿಸಿ ತಲೆಯಾಡಿಸಿದಳು. ಆರ್ಲೆನ್‌ಗೆ ಎದೆ ಹಗುರಾಯಿತು. ಇನ್ನು ಬ್ರಿಟಾ ಏಳೂವರೆವರೆಗೆ ಮಲಗಬಹುದು.

ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಡೊರೀನ್ ಏದುಸಿರು ಬಿಡುತ್ತಾ ಒಳಗೆ ಬಂದರು. "ಹೆದರ್ಬೇಡ ಆರ್ಲೆನ್, ನಿನ್ ಕೈ ಬಿಡೋಳಲ್ಲ ನಾನು," ಎಂದು ನಲವತ್ತೊಂದನೇ ಅರ್ಜಿಯನ್ನು ಮೇಜಿನ ಮೇಲಿಟ್ಟರು.

ಸಮಯಕ್ಕೆ ಬಂದ ಅರ್ಜಿಯನ್ನು ತಳ್ಳುವಂತಿಲ್ಲ, ಸೀಟು ನಲವತ್ತೇ, ಹೆಚ್ಚಾದರೆ ಎಲ್ಲರೆದುರು ಚೀಟಿ ಎತ್ತಬೇಕು ಎಂದಳು ಅಧಿಕಾರಿಣಿ. ಪಾದ್ರಿಗಳು ಬಿಂಗೋ ಆಡಿಸುವ ತಂತಿಯ ಬುಟ್ಟಿ ತಂದಿಟ್ಟು, ಅರ್ಜಿಯ ನಂಬರಿದ್ದ ನಲವತ್ತೊಂದು ಗೋಲಿ ಹಾಕಿದರು. ಅಷ್ಟರಲ್ಲಿ ಹಿಂದಿನ ಕೋಣೆ ಯಾರದೆಂದು ಡೊರೀನ್‌ಗೂ ಗೇಲನ್‌ಗೂ ಜಗಳ ಹತ್ತಿಕೊಂಡಿತ್ತು. ಇಬ್ಬರೂ ತನ್ನ ಕಡೆ ತಿರುಗುವ ಮುಂಚೆ ಮುಗಿಸಿಬಿಡೋಣವೆಂದು, ನಲವತ್ತು ಸಲ ಯಾಕೆ, ಹೊರಗುಳಿಯುವ ಒಂದನ್ನೇ ಎತ್ತಿದರಾಯಿತಲ್ಲ ಎಂದು ಸಲಹೆ ಕೊಟ್ಟವನೂ ಆರ್ಲೆನ್ನೇ. ಎಲ್ಲರೂ ಒಪ್ಪಿದರು. ಅಧ್ಯಕ್ಷನಾದ್ದರಿಂದ ಬುಟ್ಟಿ ತಿರುಗಿಸಿದವನೂ ಅವನೇ.

ಗೋಲಿ ಅಂಗೈಗೆ ಬಿತ್ತು. ಒಂದನೇ ನಂಬರು. ಮೊಟ್ಟಮೊದಲು ಅರ್ಜಿ ಹಾಕಿದವನು ಯಾರೆಂದು ಪಟ್ಟಿ ನೋಡುವ ಅಗತ್ಯ ಅವನಿಗಿರಲಿಲ್ಲ.

ಇವನ ಮಗಳಿಗೊಂದು ಸೀಟು ಹೆಚ್ಚಿಗೆ ಕೊಡಿ ಎಂದು ಯಾರೋ ಹಿಂದಿನಿಂದ ಹೇಳಿದರು. ಅಧಿಕಾರಿಣಿ ಹನ್ನೊಂದನೇ ಕಲಮನ್ನು ಗಟ್ಟಿಯಾಗಿ ಓದಿ, ಇದನ್ನು ಹಾಕಿಸಿದವರು ಈ ಮಹನೀಯರೇ ಎಂದಳು. ಇಡೀ ಊರು ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಡೊರೀನ್.

"ಮುಂದಿನ ವರ್ಷ ಇದ್ದೇ ಇದೆಯಲ್ಲಪ್ಪ," ಎಂದು ಬೆನ್ನು ಸವರಿದರು. ಆರ್ಲೆನ್‌ಗೆ ಅಳು ಬಂತು. ಊರವರು ಅದನ್ನು ಆನಂದಬಾಷ್ಪವೆಂದುಕೊಂಡರು.

ಸಭೆ ಮುಗಿದ ಮೇಲೆ ಚರ್ಚಿನಲ್ಲೇ ಇದ್ದ ಊಟದ ಸಾಲಿನಲ್ಲಿ ಶಾಲಾ ಬಸ್ಸಿನ ಡ್ರೈವರ್ ಸೆಲ್ಮರ್ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದ. "ಆರ್ಲೆನ್, ಬೇಜಾರ್ ಮಾಡ್ಕೋಬೇಡ. ಬಸ್ಸಲ್ಲಿದ್ದ ಮಕ್ಕಳೆಲ್ಲ ನಿನ್ ಶಾಲೆಗೇ ಬಂದ್ರು. ಒಂದು ಮಗೂಗೋಸ್ಕರ ಬಸ್ ಬಿಡಲ್ವಂತೆ. ಸೆಪ್ಟೆಂಬರಿಂದ ನಿಲ್ಲಿಸ್ತಾರೆ."

ಪಕ್ಕದಲ್ಲೇ ನಿಂತಿದ್ದ ಬ್ರಿಟಾ ಅಷ್ಟನ್ನೂ ಕೇಳಿಸಿಕೊಂಡು ಅಪ್ಪನ ತೋಳು ಹಿಡಿದಳು.

"ಹಂಗಾದ್ರೆ ದಿನಾ ನೀನೇ ಬಿಡ್ತೀಯಾ ಅಪ್ಪ?"

"ಬಿಡ್ತೀನಿ."

"ದಾರೀಲಿ ನಾನು ಮಲಗ್ಬಹುದಾ?"

"ನೀನು ಮಲಗು ಪುಟ್ಟಿ," ಎಂದ ಆರ್ಲೆನ್. "ನಾನು ಎದ್ದಿರ್ತೀನಿ."