ಪೆಟ್ರೋಲ್ ವಾಸನೆಯೂ ಹಿರಿಯ ಅಳಿಯನೂ

ಬುಧವಾರ ಬೆಳಿಗ್ಗೆ ಆರು ಗಂಟೆ ಹದಿನೇಳು ನಿಮಿಷಕ್ಕೆ ನಾನು ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು, ಕಾರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಮೂಸುತ್ತಿದ್ದೆ. ನೋಡುತ್ತಿರಲಿಲ್ಲ, ಮೂಸುತ್ತಿದ್ದೆ. ಈ ಸೂಕ್ಷ್ಮ ವ್ಯತ್ಯಾಸ ನನ್ನ ಹೆಂಡತಿ ಅರ್ಪಣಾಗೆ ಅರ್ಥವಾಗಲಿಲ್ಲ.

“ಕಾಫಿ ಅಲ್ಲಿಗೇ ತರ್ಲಾ, ಇಲ್ಲ ಮನುಷ್ಯರ ಹಾಗೆ ಎದ್ದು ಬಂದು ಕುಡೀತೀರಾ?” ಎಂದು ಜಗಲಿಯಿಂದ ಕೇಳಿದಳು.

“ಮೂಗು ಕೆಲಸದಲ್ಲಿದೆ. ಕಾಫಿ ಹತ್ತಿರ ತರಬೇಡ, ಫಲಿತಾಂಶ ಕೆಡ್ತದೆ.”

“ಕೆಡ್ಲಿಕ್ಕೆ ಇನ್ನೂ ಎಂಥ ಉಳಿದಿದೆ ಮಾರಾಯ್ರೆ!”

ನಾನು ಆಗ ಕೊಪ್ಪದ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಆ ವರ್ಷ, ಎಂದರೆ 2008ರಲ್ಲಿ, ಶಿವಮೊಗ್ಗದಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದೆ. ಬಿಳಿ ಬಣ್ಣ, ಪೆಟ್ರೋಲ್ ಎಂಜಿನ್, ಸಾಧು ಸ್ವಭಾವ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅದರೊಳಗೆ ಪೆಟ್ರೋಲ್ ವಾಸನೆ ಬಂದು ಸಂಸಾರ ಹೂಡಿತ್ತು. ನೆಲಕ್ಕೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಸೋರುತ್ತಿದ್ದುದು ಪೆಟ್ರೋಲ್ ಅಲ್ಲ, ಅದರ ಆವಿ. ಆವಿಗೆ ಬಣ್ಣವಿಲ್ಲ, ಸದ್ದಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ.

ಬರೀ ನಾವಿಬ್ಬರೇ ಓಡಾಡುವುದಾಗಿದ್ದರೆ ಕಿಟಕಿ ಇಳಿಸಿ ಸುಮ್ಮನಿರಬಹುದಿತ್ತು. ಆದರೆ ಅರ್ಪಣಾಳ ತಂಗಿ ನಿಶ್ಚಿತಾ ಏಳು ತಿಂಗಳ ಬಸುರಿ. ಭಾನುವಾರ ಅಡ್ಡಗದ್ದೆಯ ತವರುಮನೆಯಲ್ಲಿ ಅವಳಿಗೆ ಬಯಕೆ ಊಟ. ನರಸಿಂಹರಾಜಪುರದ ಗಂಡನ ಮನೆಯಿಂದ ಅವಳನ್ನು ಕರೆತರಬೇಕು. ಅತ್ತೆ ಯಮುನಮ್ಮ ಫೋನಿನಲ್ಲಿ, “ಹಿರೇ ಅಳಿಯಂದ್ರೇ ಕಾರಲ್ಲಿ ಕರ್ಕೊಂಡು ಬರ್ಲಿ” ಎಂದು ಹೇಳಿಬಿಟ್ಟಿದ್ದರು. ಹತ್ತು ವರ್ಷದಲ್ಲಿ ಆ ಮನೆಯವರು ನನ್ನನ್ನು ನಂಬಿ ವಹಿಸಿದ ಮೊದಲ ಕೆಲಸ ಅದು. (ಅದಕ್ಕೆ ಮೊದಲು ಒಮ್ಮೆ ಬಾಳೆಎಲೆ ಎಣಿಸಲು ಬಿಟ್ಟಿದ್ದರು.) ನಿಶ್ಚಿತಾ ಆಗ ಸಾರಿನ ಒಗ್ಗರಣೆ ವಾಸನೆಗೇ ಬಚ್ಚಲಿಗೆ ಓಡುತ್ತಿದ್ದವಳು. ಪೆಟ್ರೋಲ್ ವಾಸನೆಯ ಕಾರಿನಲ್ಲಿ, ಆ ತಿರುವುಗಳಲ್ಲಿ ಅವಳ ಗತಿ ಏನಾಗಬೇಕು?

“ಶನಿವಾರದೊಳಗೆ ವಾಸನೆ ಹೋಗ್ಬೇಕು” ಎಂದಳು ಅರ್ಪಣಾ. “ಇಲ್ದಿದ್ರೆ ನಮ್ಮ ಯಶವಂತ ಜೀಪು ಮಾಡ್ತಾನಂತೆ. ನಾವೆಲ್ಲ ಅದ್ರಲ್ಲಿ ಹೋಗ್ತೀವಿ. ನೀವು ಒಬ್ರೇ ಹಿಂದಿಂದ ಧೂಳು ಕುಡ್ಕೊಂಡು ಬನ್ನಿ.”

ಯಶವಂತ ನನ್ನ ಭಾವಮೈದ. ಅವನು ಮಾಡಿದ ಜೀಪಿನ ಧೂಳನ್ನು ಹಿರಿಯ ಅಳಿಯ ಕುಡಿಯುವುದೇ!

ಮೊದಲು ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ರಾಜೇಶನಲ್ಲಿಗೆ ಹೋದೆ. ಅವನು ಬಾನೆಟ್ ಎತ್ತಿ, ಎರಡು ಸಲ ಉಸಿರೆಳೆದು, “ಇಂಥ ಸಣ್ಣ ಲೀಕು ಹುಡುಕಕ್ಕೆ ದೊಡ್ಡ ಊರಲ್ಲಿ ಹೊಗೆ ಬಿಡೋ ಮಷೀನಿರ್ತದೆ ಸಾರ್. ನಮ್ಮಲ್ಲಿ ಮೂಗೇ ಮಷೀನು. ನಂಗೆ ಈಗ ಶೀತ” ಎಂದ.

ಸರಿ, ಯಂತ್ರವನ್ನು ನಾನೇ ಕಟ್ಟಲು ನಿರ್ಧರಿಸಿದೆ. ಅದಕ್ಕೂ ಮೊದಲು ಅರ್ಪಣಾಗೆ ತತ್ತ್ವ ತಿಳಿಸುವುದು ನನ್ನ ಕರ್ತವ್ಯವಲ್ಲವೇ? ಟ್ಯಾಂಕಿನಲ್ಲಿ ಏಳುವ ಆವಿ ಹೊರಗೆ ಹೋಗದಂತೆ ಒಂದು ಕೊಳವೆಯಲ್ಲಿ ಇದ್ದಿಲಿನ ಡಬ್ಬಿಗೆ ಹೋಗುತ್ತದೆ, ಇದ್ದಿಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಂಜಿನ್ ಓಡುವಾಗ ಎಳೆದುಕೊಂಡು ಸುಡುತ್ತದೆ ಎಂದು ಚಿತ್ರ ಬರೆದು ಹನ್ನೊಂದು ನಿಮಿಷ ವಿವರಿಸಿದೆ.

“ಫ್ರಿಜ್ಜಲ್ಲಿ ವಾಸನೆಗೆ ಇದ್ದಿಲು ಇಡ್ತೀನಲ್ಲ, ಹಂಗೆ” ಎಂದು ಎದ್ದುಹೋದಳು.

ನನ್ನ ಯಂತ್ರದ ಬಗ್ಗೆ ಈಗಲೂ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಆ ಜಾಗಕ್ಕೆ ಪ್ರಯೋಗಾಲಯದ ಅತಿ ದೊಡ್ಡ ರಬ್ಬರ್ ಕಾರ್ಕು ಬಿಗಿದೆ. (ಸಹಿ ಹಾಕಿಯೇ ತಂದದ್ದು.) ಅದರಲ್ಲಿ ಎರಡು ತೂತು. ಒಂದಕ್ಕೆ ಸೈಕಲ್ ಪಂಪು. ಇನ್ನೊಂದಕ್ಕೆ ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪು. ಅದನ್ನು ಹಲಗೆಯ ಮೇಲೆ ಬಾಗಿಸಿ ಮೊಳೆ ಹೊಡೆದು, ನೀರು ತುಂಬಿ, ಪಕ್ಕದಲ್ಲಿ ಅಡಿಕೋಲು ಕಟ್ಟಿದೆ. ಇದ್ದಿಲಿನ ಡಬ್ಬಿಯ ಬಾಯಿಗೂ ಒಂದು ಕಾರ್ಕು. ಮೆಲ್ಲಗೆ ಗಾಳಿ ಹಾಕಿದರೆ ನೀರು ಮೂವತ್ತು ಸೆಂಟಿಮೀಟರು ಏರುತ್ತದೆ. ಸೋರಿಕೆ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ, ಇದ್ದರೆ ಇಳಿಯುತ್ತದೆ. ಬ್ಯಾಟರಿಯ ತಂತಿ ಕಳಚಿಟ್ಟೆ. ಮೂವತ್ತು ಅಡಿಯೊಳಗೆ ಬೆಂಕಿಕಡ್ಡಿ ನಿಷೇಧಿಸಿದೆ. ಬಚ್ಚಲೊಲೆಯೂ ಆ ವ್ಯಾಪ್ತಿಯೊಳಗೆ ಬಂದದ್ದರಿಂದ ಮನೆಯವರೆಲ್ಲ ತಣ್ಣೀರು ಸ್ನಾನ ಮಾಡಿದೆವು.

ನೀರು ಇಳಿಯಿತು! ಹತ್ತು ನಿಮಿಷಕ್ಕೆ ನಾಲ್ಕು ಸೆಂಟಿಮೀಟರು. ಇನ್ನು ಸೋರುವ ಜಾಗ ಹುಡುಕಬೇಕು. ಅದಕ್ಕೆ ಅಂಟುವಾಳಕಾಯಿಯ ನೊರೆ. ಸೋಪಿನ ಗುಳ್ಳೆ ಬೇಗ ಒಡೆಯುತ್ತದೆ, ಅಂಟುವಾಳದ್ದು ನಿಲ್ಲುತ್ತದೆ.

“ಅಯ್ಯೋ, ನನ್ನ ರೇಷ್ಮೆಸೀರೆ ತೊಳೆಯಕ್ಕೆ ನೆನೆಹಾಕಿದ್ದು ಅದು! ಭಾನುವಾರಕ್ಕೆ ಎಂಥ ಉಡ್ಲಿ ನಾನು?”

“ವಿಜ್ಞಾನಕ್ಕೆ ಒಂದು ಬಟ್ಟಲು ಕೊಡು ಮಾರಾಯ್ತಿ.”

“ನಿಮ್ಮ ವಿಜ್ಞಾನ ಸೀರೆ ಉಡ್ತದಾ?”

ಆದರೂ ಕೊಟ್ಟಳು. ಕುಂಚದಲ್ಲಿ ಒಂದೊಂದೇ ಕೊಳವೆಗೆ ನೊರೆ ಹಚ್ಚುತ್ತ ಹೋದೆ. ಗುರುವಾರ ಸಂಜೆ ಐದು ಗಂಟೆ ನಲವತ್ತೆರಡು ನಿಮಿಷಕ್ಕೆ, ಇದ್ದಿಲಿನ ಡಬ್ಬಿಯ ಹತ್ತಿರದ ಕೊಳವೆಯಲ್ಲಿ, ಕೂದಲೆಳೆಯಷ್ಟು ಬಿರುಕಿನಿಂದ ಸಾಸಿವೆಕಾಳಿನಂಥ ಗುಳ್ಳೆಗಳು ಸಾಲಾಗಿ ಹೊರಬಂದವು. ನಾನು ಕೂಗಿದ ಕೂಗಿಗೆ ಅರ್ಪಣಾ ಹಾವೆಂದು ತಿಳಿದು ಕೋಲು ಹಿಡಿದು ಬಂದಳು.

ಶುಕ್ರವಾರ ರಾಜೇಶ ಹೊಸ ಕೊಳವೆ ಹಾಕಿದ. ಮತ್ತೆ ಗಾಳಿ ಹಾಕಿದೆ. ನೀರು ಮೂವತ್ತಕ್ಕೆ ಏರಿ, ಇಪ್ಪತ್ತು ನಿಮಿಷ ಕದಲದೆ ನಿಂತಿತು. “ಸಾರ್, ನೀವು ಕಾಲೇಜಲ್ಲಿ ಇರ್ಬೇಕಾದವ್ರಲ್ಲ” ಎಂದ ರಾಜೇಶ. (ಹೊಗಳಿಕೆಯೆಂದೇ ಸ್ವೀಕರಿಸಿದೆ.) ಜೀಪು ಬೇಡವೆಂದು ಯಶವಂತನಿಗೆ ಫೋನು ಮಾಡಿಯೂ ಬಿಟ್ಟೆ.

ಶನಿವಾರ ಬೆಳಿಗ್ಗೆ ಕಾರಿನ ಬಾಗಿಲು ತೆಗೆದೆ. ಪೆಟ್ರೋಲ್ ವಾಸನೆ ಎದುರುಗೊಂಡಿತು.

“ಭ್ರಮೆ” ಎಂದೆ. “ಹಳೆಯದು, ಸೀಟಿನಲ್ಲಿ ಉಳಿದದ್ದು. ಪರೀಕ್ಷೆಯಲ್ಲಿ ಸೋರಿಕೆ ಸೊನ್ನೆ.”

ಅರ್ಪಣಾ ಕಾರಿಗೆ ಒಂದು ಸುತ್ತು ಬಂದು, ಪೆಟ್ರೋಲ್ ಹಾಕುವ ಕಡೆ ನಿಂತಳು. “ಇಲ್ಲಿ ಬರ್ತಿದೆ ನೋಡಿ.”

“ಅದು ಪೆಟ್ರೋಲ್ ಹಾಕುವ ಜಾಗ. ಅಲ್ಲಿ ಬರದೆ ಮಲ್ಲಿಗೆ ವಾಸನೆ ಬರ್ತದಾ?”

“ಹಂಗಲ್ಲ. ನಿಮ್ಮ ಆ ಕಾರ್ಕು ಹಾಕ್ತಿದ್ರಲ್ಲ, ಆ ಜಾಗದಲ್ಲಿ ದಿನಾ ಎಂಥ ಇರ್ತದೆ?”

“ಮುಚ್ಚಳ.”

“ಮುಚ್ಚಳ ತೆಗೆದಿಟ್ಟು ಪರೀಕ್ಷೆ ಮಾಡಿದ್ರಿ. ಹಂಗಾರೆ ಮುಚ್ಚಳದ ಪರೀಕ್ಷೆ ಯಾವಾಗ ಮಾಡಿದ್ರಿ?”

ಹದಿನಾಲ್ಕು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನನ್ನು ಹೀಗೆ ನಿಲ್ಲಿಸಿರಲಿಲ್ಲ. ಅವಳೇ ಮುಚ್ಚಳ ತಿರುಗಿಸಿ ತೆಗೆದಳು. ಟ್ಯಾಂಕಿನ ಬಾಯಿಗೆ ಎರಡು ಮಡಿಕೆಯ ಬಿಳಿ ಪಂಚೆಯ ತುಂಡು ಹೊದ್ದುಕೊಂಡಿತ್ತು. ಅದರ ಅಂಚು ಮುಚ್ಚಳದ ಸುತ್ತ ಹೊರಗೆ ಇಣುಕುತ್ತಿತ್ತು.

“ಇದೆಂಥದ್ರೀ?”

ಅದು ನನ್ನ ಆವಿಷ್ಕಾರ. ಜುಲೈ ತಿಂಗಳ ಮಳೆಯಲ್ಲಿ ಟ್ಯಾಂಕಿಗೆ ನೀರು ಇಳಿಯದಿರಲಿ ಎಂದು, ನನ್ನ ತಾಯಿ ಮಿಡಿ ಉಪ್ಪಿನಕಾಯಿ ಭರಣಿಗೆ ಬಟ್ಟೆ ಹಾಕಿ ಮುಚ್ಚಳ ಮುಚ್ಚುತ್ತಿದ್ದುದನ್ನು ನೆನೆದು, ಹಾಗೇ ಮಾಡಿದ್ದೆ. ಪ್ರತಿ ಪರೀಕ್ಷೆಯ ಮುಂಚೆ ಅದನ್ನು ಜೋಪಾನವಾಗಿ ತೆಗೆದು, ಪರೀಕ್ಷೆ ಮುಗಿದೊಡನೆ ಜೋಪಾನವಾಗಿ ವಾಪಸ್ ಹಾಕುತ್ತಿದ್ದೆ. ಉಪ್ಪಿನಕಾಯಿ ಆವಿಯಾಗುವುದಿಲ್ಲ, ಪೆಟ್ರೋಲ್ ಆಗುತ್ತದೆ. ಬಟ್ಟೆ ಸಿಕ್ಕಿಕೊಂಡರೆ ಮುಚ್ಚಳದ ರಬ್ಬರು ಕೂರುವುದಿಲ್ಲ. ಇದನ್ನೆಲ್ಲ ಯಾರಾದರೂ ಕೇಳಿದ್ದರೆ ನಾನೇ ಹೇಳುತ್ತಿದ್ದೆ.

ಅರ್ಪಣಾ ನಗಲಿಲ್ಲ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಬೇಲಿಗೆ ಹಾಕಿ, ಮುಚ್ಚಳವನ್ನು ಕಟಕಟ ಸದ್ದು ಬರುವತನಕ ತಿರುಗಿಸಿದಳು. ಆಮೇಲೆ, “ಕೊಳವೆದ್ದು ನೀವು ಹಿಡಿದಿದ್ದು ಸುಳ್ಳಲ್ಲ ಬಿಡಿ. ಎರಡೂ ಸೋರ್ತಿತ್ತು” ಎಂದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದೆ: ‘ಎರಡನೇ ಸೋರಿಕೆ, ಮುಚ್ಚಳ. ಪತ್ತೆ: ಅರ್ಪಣಾ. ಹಿಡಿದ ಸಮಯ: ಒಂದು ನಿಮಿಷ.’ ಸತ್ಯವನ್ನು ಮುಚ್ಚಿಡುವವನಲ್ಲ ನಾನು. ಹಾಗೆಂದು ಊರಿಗೆಲ್ಲ ಸಾರಬೇಕಿಲ್ಲ ಎಂದೂ ತೀರ್ಮಾನಿಸಿದೆ.

ಭಾನುವಾರ ನರಸಿಂಹರಾಜಪುರದಿಂದ ಅಡ್ಡಗದ್ದೆಯವರೆಗೆ ನಿಶ್ಚಿತಾ ಕಿಟಕಿ ಏರಿಸಿಕೊಂಡೇ ಬಂದಳು. ಶೃಂಗೇರಿ ಹತ್ತಿರ ಬರುವಾಗ, “ಭಾವ, ಹಸಿವಾಗ್ತಿದೆ” ಎಂದಳು. ಯಾವ ಪದಕವೂ ನನಗೆ ಅಷ್ಟು ಸಂತೋಷ ಕೊಡುತ್ತಿರಲಿಲ್ಲ.

ಊಟದ ಪಂಕ್ತಿಯಲ್ಲಿ ನನಗೆ ಮೊದಲ ಎಲೆ. ಅತ್ತೆ ಸ್ವತಃ ಕಡುಬು ಬಡಿಸುತ್ತ, ಎಲ್ಲರಿಗೂ ಕೇಳುವಂತೆ, “ವಾಸನೆ ಎಲ್ಲಿಂದ ಬರ್ತದೆ ಅಂತ ಹಿಡಿಯಕ್ಕೆ ಎಷ್ಟು ಹೊತ್ತು ಬೇಕಾಯ್ತು ನಿಮ್ಗೆ?” ಎಂದರು. ಅಡುಗೆಮನೆಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಅದನ್ನು ನಾನು ಗೌರವವೆಂದು ತಿಳಿದೆ. ಅರ್ಪಣಾ ಹತ್ತು ನಿಮಿಷ ಮೊದಲೇ ಒಳಗೆ ಉಪ್ಪಿನಕಾಯಿ ಬಟ್ಟೆಯಿಂದ ಹಿಡಿದು ತನ್ನ ಒಂದು ನಿಮಿಷದವರೆಗೆ ಎಲ್ಲವನ್ನೂ ಹೇಳಿ ಮುಗಿಸಿದ್ದಳೆಂದು ನನಗೆ ಹೇಗೆ ಗೊತ್ತಿರಬೇಕು? ‘ಸ್ವಲ್ಪ ಹೊತ್ತು’ ಎಂದಿದ್ದರೆ ಬಚಾವಾಗುತ್ತಿದ್ದೆ. ಆದರೆ ಬುಧವಾರ ಗೋಣಿಚೀಲ ಹಾಸಿದಲ್ಲಿಂದ ಗುರುವಾರ ಗುಳ್ಳೆ ಕಾಣುವವರೆಗೆ ಪ್ರತಿ ನಿಮಿಷದ ಲೆಕ್ಕ ಬರೆದಿಟ್ಟವನಿಗೆ ಅಂದಾಜು ಹೇಳಲು ಮನಸ್ಸು ಬರುತ್ತದೆಯೇ? ಪಾಯಸದ ಪಾತ್ರೆ ಹಿಡಿದಿದ್ದ ಯಶವಂತ ನಗು ತಡೆಯಲಾರದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತದ್ದು, ಬಯಕೆಯ ಹೆಣ್ಣು ಹೊಟ್ಟೆ ಹಿಡಿದುಕೊಂಡು ಕಣ್ಣೊರೆಸಿಕೊಂಡದ್ದು, ಎಲ್ಲ ನನ್ನ ಆ ಉತ್ತರಕ್ಕೆ. ಎಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ, ಕೊನೆಯ ಎಲೆಗೂ ಕೇಳುವ ದನಿಯಲ್ಲಿ ನಾನು ಹೇಳಿದ್ದು ಇಷ್ಟೇ: “ಮೂವತ್ತೈದು ಗಂಟೆ, ಇಪ್ಪತ್ತೈದು ನಿಮಿಷ.”