ಬೇಡ ಎಂದು ಒತ್ತಿದರೆ ಬನ್ನಿ

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ ಅದು ನನ್ನ ಅನುಮಾನದ ಬಗ್ಗೆಯೇ. ನಾನು ಒಪ್ಪುವುದಿಲ್ಲ. ನನಗಿದು ನೌಕರಿಯಿಂದ ಅಂಟಿದ್ದು. ಇಂದಿರಾನಗರದ ಒಂದು ವಿಮಾ ಕಚೇರಿಯಲ್ಲಿ ಕೂತು, ಕಾರು ಜಜ್ಜಿಕೊಂಡವರ ಅರ್ಜಿ ನೋಡುವುದು ನನ್ನ ಕೆಲಸ. ನಿಂತಿದ್ದ ಕಾರಿಗೆ ಹಸು ಬಂದು ಗುದ್ದಿತು ಎಂದು ಬರೆದಿದ್ದರೆ, ಹಸುವಿನ ಕಡೆಯ ವಾದವೇನಿರಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ. ದಿನವಿಡೀ ಹೀಗೆ ಬದುಕಿದವನು ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ ಬಸ್ ಇಳಿದ ಕೂಡಲೇ ಲೋಕವನ್ನೆಲ್ಲ ನಂಬಿಕೊಂಡು ರಾಮಮೂರ್ತಿ ನಗರದ ಮನೆಗೆ ಬರಬೇಕೆಂದರೆ ಹೇಗೆ? ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿಯಾಗಿದೆ ಎಂದುಕೊಳ್ಳುತ್ತೇನೆ. ನಗದಿದ್ದರೆ, ಪಾಪ, ಮನಸ್ಸಾಕ್ಷಿ ಚುಚ್ಚುತ್ತಿದೆ ಎಂದುಕೊಳ್ಳುತ್ತೇನೆ.

ಇಂಥವನು ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಲ್ಯಾಪ್‌ಟಾಪಿಗೆ ಹಾಕಿಸಿಕೊಂಡದ್ದೂ ಅನುಮಾನದಿಂದಲೇ. ಮೊದಲಿದ್ದ ವ್ಯವಸ್ಥೆ ತೆರೆದಾಗಲೆಲ್ಲ ನೀವು ಎಲ್ಲಿದ್ದೀರಿ ಎಂದು ಕೇಳುತ್ತಿತ್ತು. ನನ್ನ ಹೆಂಡತಿ ಸುಮಿತ್ರ ಕೂಡ ಅಷ್ಟು ಕೇಳುವುದಿಲ್ಲ. ಆಗ ಜೀವನ್ ಬಿಮಾ ನಗರದಿಂದ ಬರುವ ನನ್ನ ಸಹೋದ್ಯೋಗಿ ನಾಗೇಶ, ಇದರ ಹೊಟ್ಟೆಯೊಳಗೆ ಏನಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು, ಮುಚ್ಚುಮರೆಯೇ ಇಲ್ಲ ಎಂದು ಹೇಳಿ, ತಾನೇ ಹಾಕಿಕೊಟ್ಟ. ಆ ಮಾತಿಗೆ ಮರುಳಾದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಇನ್ನೊಂದು ಯೋಚನೆ ಬಂತು. ಯಾರು ಬೇಕಾದರೂ ತೆರೆದು ನೋಡಬಹುದಾದರೆ ಯಾರು ಬೇಕಾದರೂ ಕೈಯಾಡಿಸಬಹುದಲ್ಲವೇ? ನನ್ನದು ಬೆರಳಿಂದ ಮುಟ್ಟುವ ಪರದೆ. ಅದು ಇದರಲ್ಲೂ ಕೆಲಸ ಮಾಡುತ್ತದಾ ಎಂದು ಕೇಳಿದ್ದಕ್ಕೆ ನಾಗೇಶ "ಹೆಚ್ಚುಕಮ್ಮಿ" ಅಂದಿದ್ದ. ಅರ್ಜಿದಾರನ ಬಾಯಲ್ಲಿ ಆ ಪದ ಬಂದಿದ್ದರೆ ಸಂಜೆಯವರೆಗೆ ಕೂರಿಸಿಕೊಳ್ಳುತ್ತಿದ್ದೆ. ಸ್ನೇಹಿತನೆಂದು ಬಿಟ್ಟುಬಿಟ್ಟೆ.

ನಮ್ಮ ಮಹಡಿ ಮನೆ ಆಗ ಬಹಳ ಕಾಲದಿಂದ ಖಾಲಿಯಿತ್ತು. ಖಾಲಿಯಿತ್ತು ಎನ್ನುವುದಕ್ಕಿಂತ ನಾನು ಖಾಲಿ ಇಟ್ಟಿದ್ದೆ ಎನ್ನುವುದು ನ್ಯಾಯ. ಬಾಡಿಗೆ ಮನೆಗಳ ಒಂದು ಜಾಲತಾಣದಲ್ಲಿ ಹಾಕಿದ್ದೆವು. ಕೇಳಿಕೊಂಡು ಬಂದವರ ಫೋಟೊ, ಕೆಲಸ, ಊರು ಎಲ್ಲ ಕಾಣಿಸುತ್ತದೆ. ಕೆಳಗೆ ಎಡಕ್ಕೆ 'ಬೇಡ', ಬಲಕ್ಕೆ 'ಬನ್ನಿ'. ಬನ್ನಿ ಒತ್ತಿದರೆ ನಮ್ಮ ವಿಳಾಸ, ಫೋನು ಅವರಿಗೆ ಹೋಗುತ್ತದೆ. ಯಾವುದನ್ನು ಒತ್ತಿದರೂ ಆ ಪುಟ ಮಾಯವಾಗಿ ಮುಂದಿನವರು ಬರುತ್ತಾರೆ. ನಾನು ಬೇಡ ಒತ್ತುತ್ತಾ ಹೋದೆ. ಒಬ್ಬ ಫೋಟೊದಲ್ಲಿ ನಗುತ್ತಿದ್ದ. ಬಾಡಿಗೆಗೆ ಮನೆ ಸಿಗದವನಿಗೆ ನಗುವಂಥದ್ದೇನಿದೆ? ಇನ್ನೊಬ್ಬರು ತಾವು ಶಾಂತಸ್ವಭಾವದವರೆಂದು ಬರೆದುಕೊಂಡಿದ್ದರು. ಕೇಳದೆ ಏಕೆ ಹೇಳಬೇಕು? ಹಿಂದೆ ಮಹಡಿಯಲ್ಲಿ ಬಾಡಿಗೆಗಿದ್ದಾಕೆ ಹೋದ ಮೇಲೆ ಸುಮಿತ್ರಳಿಗೆ ಹಗಲಲ್ಲಿ ಮಾತಿಗೆ ಜನವಿರಲಿಲ್ಲ. ಒಣಗಲು ಹಾಕಿದ ಹಪ್ಪಳ ಕಾಯುತ್ತಾ ಪಾರಿವಾಳಗಳನ್ನು ಬೈಯುವುದು ಕೇಳಿಸುತ್ತಿತ್ತು. ಆ ಬೈಗುಳದಲ್ಲಿ ಕೆಲವು ನನಗೆ ಸೇರಿದವು ಎಂಬ ಅನುಮಾನವೂ ಇತ್ತು.

ಒಂದು ಸಂಜೆ ಸೇಡಂ ಕಡೆಯ ಒಂದು ಕುಟುಂಬದ ಅರ್ಜಿ ಪರದೆಗೆ ಬಂತು. ಗಂಡ ಶರಣಪ್ಪ, ಶಾಲಾ ವ್ಯಾನಿನ ಡ್ರೈವರು, ಹೆಂಡತಿ, ತಾಯಿ. ಸುಮಿತ್ರ, ಇವರನ್ನು ಸ್ವಲ್ಪ ದೊಡ್ಡದಾಗಿ ನೋಡೋಣ ಎಂದು ಕೇಬಲ್ ತಂದು ಲ್ಯಾಪ್‌ಟಾಪಿಗೆ ಟಿವಿ ಜೋಡಿಸಿದಳು. ಫೋಟೊ ಟಿವಿಯಲ್ಲಿ, ಗುಂಡಿಗಳು ನನ್ನ ಮುಂದೆ. ನಾನು ನೋಡಿದೆ, ಯೋಚಿಸಿದೆ. ಕಲಬುರಗಿ ಕಡೆಯವರು ಎಂದರೆ ಜೋಳದ ರೊಟ್ಟಿ. ಜೋಳದ ರೊಟ್ಟಿ ಎಂದರೆ ಬೆಳಗೂ ಸಂಜೆಯೂ ನನ್ನ ನೆತ್ತಿಯ ಮೇಲೆ ಪಟಪಟ ಬಡಿಯುವ ಸದ್ದು. ಬೇಡ ಎಂದು ಬೆರಳಿಟ್ಟೆ. ಪುಟ ಹೋಯಿತು. ಸುಮಿತ್ರ ಕೂಡಲೇ ಕೇಬಲ್ ಸುತ್ತಿಟ್ಟಳು.

ಮುಂದಿನ ಭಾನುವಾರ ಬೆಳಗ್ಗೆ ಗೇಟಿನ ಮುಂದೆ ಲಗೇಜ್ ಆಟೋ ನಿಂತಿತು. ಮಂಚ, ಪಾತ್ರೆ, ರೊಟ್ಟಿ ಹೆಂಚು, ಮಡಿಲಲ್ಲಿ ಮಿಕ್ಸಿ ಇಟ್ಟುಕೊಂಡ ಒಬ್ಬ ಮುದುಕಿ. ಶರಣಪ್ಪ ಚಪ್ಪಲಿ ಕಳಚಿ ಕೈ ಮುಗಿದ. ನಾನು ನಿಮಗೆ ಮನೆ ಕೊಟ್ಟಿಲ್ಲವಲ್ಲ ಎಂದೆ. ಅವನ ಮುಖ ಇಳಿದುಹೋಯಿತು.

"ನೀವ ಬರ್ರಿ ಅಂತ ಕಳಿಸೀರಲ್ರೀ ಸರ," ಎಂದು ಫೋನು ತೋರಿಸಿದ. "ಹಳೀ ರೂಮ್ ಬಿಟ್ಟ ಬಂದೀವ್ರಿ. ಅಲ್ಲಿ ಆಗಲೇ ಬ್ಯಾರೆದವರು ಬಂದಾರ."

ನನ್ನ ಹೆಸರಿನಲ್ಲೇ ಸ್ವಾಗತವಿತ್ತು. ಅಷ್ಟರಲ್ಲಿ ಮುದುಕಿ ಆಟೋ ಇಳಿದು ಸುಮಿತ್ರಳ ಹತ್ತಿರ ಹೋಗಿ, ಮೊಣಕಾಲ ನೋವು ಈಗ ಹೇಗಿದೆ ತಂಗಿ ಎಂದು ವಿಚಾರಿಸಿದರು. ಎಲ್ಲವನ್ನೂ ಪತ್ತೆಹಚ್ಚುವ ನಾನು ಅದನ್ನು ಕೇಳಿ, ನಡಿಗೆ ನೋಡಿಯೇ ನೋವು ಗುರುತಿಸುತ್ತಾರಲ್ಲ, ಆ ಕಡೆಯ ಜನ ಎಷ್ಟು ಸೂಕ್ಷ್ಮ ಎಂದುಕೊಂಡೆ.

ಸಾಮಾನು ಕೆಳಗೇ ಇರಲಿ, ವಿಚಾರಣೆ ಆಗಬೇಕು ಎಂದು ಒಳಗೆ ಬಂದೆ. ಲ್ಯಾಪ್‌ಟಾಪ್ ತೆರೆದು ಇನ್ನೊಂದು ಅರ್ಜಿಗೆ ಬೇಡ ಎಂದು ಮುಟ್ಟಿದೆ. ಬೇಡ ಎಂದೇ ದಾಖಲಾಯಿತು. ಮತ್ತೊಂದು, ಅದೂ ಸರಿ. ಯಂತ್ರ ನಿರಪರಾಧಿ. ಹಾಗಾದರೆ ಹೊರಗಿನವರ ಕೈವಾಡ. ಎಲ್ಲರಿಗೂ ತೆರೆದಿಟ್ಟ ವ್ಯವಸ್ಥೆ ತಾನೇ? ಎಲ್ಲೋ ಹಿಮ ಬೀಳುವ ದೇಶದಲ್ಲಿ ಸ್ವೆಟರ್ ಹಾಕಿಕೊಂಡು ಕೂತ ಯಾವನೋ ರಾಮಮೂರ್ತಿ ನಗರದ ನನ್ನ ಮಹಡಿಗೆ ಬಾಡಿಗೆದಾರರನ್ನು ಗೊತ್ತುಮಾಡುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ನಾಗೇಶನಿಗೆ ಫೋನು ಮಾಡಿ ಕೂಗಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, ಬೇಡ ಒತ್ತಿದಾಗ ಬೇರೆ ಪರದೆ ಏನಾದರೂ ಜೋಡಿಸಿದ್ದೆಯಾ ಎಂದ. ಟಿವಿ ಎಂದೆ.

"ಅದಕ್ಕೇ ಗುರು. ಎರಡು ಪರದೆ ಇದ್ರೆ ಅದು ಎರಡನ್ನೂ ಸೇರಿಸಿ ಒಂದೇ ಉದ್ದ ಅನ್ಕೊಳ್ಳುತ್ತೆ. ನೀನು ಎಡಕ್ಕೆ ಮುಟ್ಟಿದ್ದು ಬಲಕ್ಕೆ ಜಾರಿ ಬೀಳುತ್ತೆ. ಒಂದು ಸಾಲು ಟೈಪ್ ಮಾಡಿದ್ರೆ ಸರಿಹೋಗುತ್ತೆ, ಕಳಿಸ್ತೀನಿ."

ಟಿವಿ ಜೋಡಿಸಿ ನೋಡಿದೆ. ನಿಜ. ಬೇಡದ ಮೇಲೆ ಬೆರಳಿಟ್ಟರೆ ಬನ್ನಿ ಎಂಬುದು ಮಿಂಚುತ್ತಿತ್ತು. ಸ್ವೆಟರಿನವನನ್ನು ಬಿಟ್ಟುಬಿಟ್ಟೆ. ಆಮೇಲೆ ಒಂದು ಸಣ್ಣ ಪ್ರಶ್ನೆ ಉಳಿಯಿತು. ಅಷ್ಟೊಂದು ಅರ್ಜಿಗಳಲ್ಲಿ ಇವರೊಬ್ಬರನ್ನು ಮಾತ್ರ ಟಿವಿಯಲ್ಲಿ ನೋಡೋಣ ಎಂದವರು ಯಾರು? ಅಡುಗೆಮನೆಗೆ ಹೋದೆ. ಸುಮಿತ್ರ ಅವರೆಕಾಯಿ ಬಿಡಿಸುತ್ತಿದ್ದಳು. ನಿನಗೆ ಗೊತ್ತಿತ್ತಾ ಎಂದು ಸುಮ್ಮನೆ ಕೇಳಿದೆ. ಇಲ್ಲ ಎನ್ನುತ್ತಾಳೆಂದು ಪೂರ್ತಿ ನಂಬಿಕೆಯಿತ್ತು. ಈ ಲೋಕದಲ್ಲಿ ನಾನು ಅನುಮಾನಿಸದೆ ಉಳಿಸಿಕೊಂಡಿದ್ದ ಒಂದೇ ಜೀವ ಅವಳು.

ಗೊತ್ತಿತ್ತು ಎಂದಳು, ಕಾಯಿಯಿಂದ ಕಣ್ಣೆತ್ತದೆ. ಟಿವಿಗೆ ಹಾಕಿಕೊಂಡು ಧಾರಾವಾಹಿ ನೋಡುವಾಗ ಒಂದನ್ನು ಮುಟ್ಟಿದರೆ ಪಕ್ಕದ್ದು ತೆರೆಯುತ್ತಿತ್ತಂತೆ. ನಾಲ್ಕು ದಿನದಲ್ಲಿ ಲೆಕ್ಕ ಸಿಕ್ಕಿತಂತೆ. 'ಬನ್ನಿ' ತಲುಪಿದ ಮರುದಿನವೇ ಶರಣಪ್ಪನ ಮನೆಯವರು ನಾನು ಕಚೇರಿಗೆ ಹೋಗಿದ್ದಾಗ ಬಂದು ಮಹಡಿ ನೋಡಿ, ಕಾಫಿ ಕುಡಿದು, ಮಾತು ಮುಗಿಸಿ ಹೋಗಿದ್ದರಂತೆ.

ನನಗೆ ಕೋಪಕ್ಕಿಂತ ದುಃಖ ಹೆಚ್ಚಾಯಿತು. ನಿನ್ನನ್ನು ನಂಬಿದ್ದೆ, ಇಂಥ ಕೆಲಸ ಮಾಡಬಹುದಾ ಎಂದೆ. ಹೊರಗೆ ಮುದುಕಿ ಮಿಕ್ಸಿ ಕೆಳಗಿಡದೆ ಹಾಗೇ ನಿಂತಿದ್ದರು. ಅದು ಕಿಟಕಿಯಿಂದ ಕಾಣಿಸುತ್ತಿತ್ತು. ಮೇಲಿನ ಮನೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು.

"ಹೊಸದೇನಲ್ಲ ರೀ," ಎಂದಳು ಸುಮಿತ್ರ. "ನೀವು ನನ್ನ ನೋಡೋಕೆ ಬಂದಿದ್ರಲ್ಲ, ಆಗ ಉಪ್ಪಿಟ್ಟು ಮುಟ್ಟೋಕೆ ಮುಂಚೆ ತಟ್ಟೆ ಎತ್ತಿ ತಳ ನೋಡಿದ್ರಿ. ನೀವು ಹೋದ್ಮೇಲೆ ಅಪ್ಪ, ಈ ಹುಡುಗ ಬೇಡ, ಜನರನ್ನ ನಂಬೋನಲ್ಲ, ಜೊತೆಗೆ ಬಾಳೋದು ಕಷ್ಟ ಅಂದ್ರು. ನಾನೇ ನಿಮ್ಮಕ್ಕಂಗೆ ಫೋನ್ ಮಾಡಿ, ಅಪ್ಪ ಒಪ್ಪಿದ್ದಾರೆ ಅಂತ ಹೇಳ್ಬಿಟ್ಟೆ."

ಹೊರಗೆ ಹೋಗಿ ಬೀಗದ ಕೈಯನ್ನು ಶರಣಪ್ಪನ ಕೈಗೆ ಕೊಟ್ಟು, ಮಂಚದ ಒಂದು ತುದಿ ನಾನೇ ಹಿಡಿದೆ. ಮೆಟ್ಟಿಲು ಹತ್ತುತ್ತಾ ಮಾವನವರ ನೆನಪಾಯಿತು. ಹಿಂದೆಮುಂದೆ ನೋಡದೆ ನನಗೆ ಮಗಳನ್ನು ಕೊಟ್ಟರಲ್ಲ ಎಂದು ಇಷ್ಟು ವರ್ಷ ಅವರನ್ನು ಮುಗ್ಧರೆಂದು ತಿಳಿದಿದ್ದೆ. ಮನುಷ್ಯರನ್ನು ಅಳೆಯುವುದರಲ್ಲಿ ಅವರು ನನಗಿಂತ ಎಷ್ಟೋ ಜಾಣರು.