ಅಭಿರಾಮನ ತೂಕ ಮತ್ತು ಸಿಗ್ನಲ್ ಬಂಡೆ

ಹೆಂಡತಿಯ ತವರಿನ ಮೈಕಟ್ಟು ಮಗನಿಗೆ ಬಂದರೆ ಅದಕ್ಕೆ ಗಂಡ ಹೇಗೆ ಹೊಣೆ? ಈ ಪ್ರಶ್ನೆಯನ್ನು ಎಸ್ಟೇಟ್ ರೈಟರ್ ವಿಷ್ಣುಮೂರ್ತಿಯವರು ಎರಡು ವರ್ಷದಿಂದ ಊಟಕ್ಕೆ ಕುಳಿತಾಗಲೆಲ್ಲ ಕೇಳುತ್ತ ಬಂದಿದ್ದರು.

"ನಿಮ್ಮ ಕಡೆಯವ್ರೇನು ಹಂಚಿಕಡ್ಡಿಗಳಾ? ನಿಮ್ಮ ದೊಡ್ಡಪ್ಪ ಕೂತೆದ್ದ ಜೀಪಿನ ಸೀಟು ಇವತ್ತಿಗೂ ಮೇಲೆ ಬಂದಿಲ್ಲ" ಎಂದು ಮೂಕಾಂಬಿಕಾ ಉತ್ತರ ಕೊಡುತ್ತಲೂ ಬಂದಿದ್ದಳು.

ಈ ವಂಶಾವಳಿ ಸಂಶೋಧನೆ ನಡೆಯುವಷ್ಟು ಹೊತ್ತೂ ಸಂಶೋಧನೆಯ ವಸ್ತುವಾದ ಒಂಬತ್ತು ವರ್ಷದ ಅಭಿರಾಮ ಸ್ಥಿತಪ್ರಜ್ಞನಂತೆ ಮೂರನೆಯ ಅಕ್ಕಿರೊಟ್ಟಿಗೆ ತುಪ್ಪ ಸವರಿಕೊಳ್ಳುತ್ತಿದ್ದ. ತೂಕ ನಲವತ್ತೊಂದು ಕೆ.ಜಿ.

ಹೀಗಿರುವಾಗ, ಎರಡು ಸಾವಿರದ ಎಂಟನೇ ಇಸವಿಯಲ್ಲಿ, ಮೂಡಿಗೆರೆಯ ಅವನ ಶಾಲೆಗೆ ಅರ್ಪಿತಾ ಎಂಬ ಎಳೆಯ ಡಾಕ್ಟರು ಒಂದು ಯೋಜನೆ ಹೊತ್ತು ತಂದರು. ಮೊಬೈಲ್ ಮೂಲಕ ಮಕ್ಕಳ ಬೊಜ್ಜು ತಡೆಯುವ ಯೋಜನೆ! ದಿನಾ ಸಂಜೆ ಅಪ್ಪ ಅಮ್ಮಂದಿರ ಮೊಬೈಲಿಗೆ ಒಂದು ಮೆಸೇಜು ಬರುತ್ತದೆ. ಮಗು ಇವತ್ತು ಎಷ್ಟು ಕರಿದ ತಿಂಡಿ ತಿಂದಿತು, ಎಷ್ಟು ತಾಸು ಟಿ.ವಿ. ನೋಡಿತು, ಎಷ್ಟು ನಿಮಿಷ ನಡೆಯಿತು ಎಂದು ಮೂರು ಅಂಕಿ ಒತ್ತಿ ಉತ್ತರಿಸಬೇಕು. "ಉಪವಾಸ ಹಾಕ್ಬೇಡಿ, ಬೆಳೆಯೋ ಮಕ್ಕಳು. ಕರಿದದ್ದು ಕಮ್ಮಿ ಮಾಡಿ, ನಡೆಸಿ, ಅಷ್ಟೇ" ಎಂದರು ಡಾಕ್ಟರು. ನಾಲ್ಕು ತಿಂಗಳಾದ ಮೇಲೆ ಎಲ್ಲರಿಗಿಂತ ಚೆನ್ನಾಗಿ ಸಾಧಿಸಿದವರಿಗೆ 'ಮಾದರಿ ಪೋಷಕ' ಎಂಬ ಬಿರುದು, ವೇದಿಕೆಯ ಮೇಲೆ ಶಾಲು.

ಶಾಲು ಎಂದ ಕೂಡಲೇ ವಿಷ್ಣುಮೂರ್ತಿಯವರ ಕೈ ತಾನಾಗಿ ಮೇಲೆದ್ದಿತು. (ಹದಿನಾರು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಕೂಗಿದವರಿಗೆ, ಒಮ್ಮೆಯಾದರೂ ಯಾರಾದರೂ ತಮ್ಮ ಹೆಸರು ಕೂಗಲಿ ಎಂಬ ಆಸೆ ಇರುವುದು ತಪ್ಪಲ್ಲ.) ಮನೆಗೆ ಬಂದವರೇ, "ಮಗನ ಮೈ ಯಾರ ಕಡೆಯಿಂದ ಬಂತೋ ಗೊತ್ತಿಲ್ಲ. ಇಳಿಸಿದ್ದು ಯಾರು ಅಂತ ಇಡೀ ತಾಲ್ಲೂಕಿಗೆ ಗೊತ್ತಾಗುತ್ತೆ ನೋಡ್ತಿರು" ಎಂದು ಪ್ರತಿಜ್ಞೆ ಮಾಡಿದರು.

ಒಂದು ತೊಡಕಿತ್ತು. ಅವರ ಮೊಬೈಲು ಮನೆಯೊಳಗೆ ಶುದ್ಧ ಮೌನವ್ರತಿ. ಸಿಗ್ನಲ್ ಸಿಗುತ್ತಿದ್ದುದು ಎರಡು ಕಿಲೋಮೀಟರ್ ಆಚೆ, ದೇವರಮನೆ ಎಂಬ ಊರಿನ ಕಡೆಯ ಗುಡ್ಡದ ಬಂಡೆಯ ಮೇಲೆ, ಅದೂ ಬಲಗೈ ಎತ್ತಿ ನಿಂತರೆ. ಆದರೆ ವಿಷ್ಣುಮೂರ್ತಿಯವರಿಗೆ ತೊಡಕೇ ವರವಾಗಿ ಕಂಡಿತು. ದಿನಾ ಮಗನನ್ನು ಬಂಡೆಗೆ ಕರೆದುಕೊಂಡು ಹೋದರೆ ಅವನಿಗೆ ನಡಿಗೆಯೂ ಆಯಿತು, ಮೊಬೈಲಿಗೆ ಕೆಲಸವೂ ಆಯಿತು!

ಬಂಡೆಗೆ ಹೋಗುವ ಕಾಲುದಾರಿ ನೆರೆಮನೆಯ ರುಕ್ಮಿಣಮ್ಮನ ಅಂಗಳ ಹಾದು, ಮೆಕ್ಯಾನಿಕ್ ಮೊಯ್ದುವಿನ ಅಂಗಳ ಸೇರಿ ಮುಂದೆ ಹೋಗುತ್ತದೆ ಎಂಬುದನ್ನು ಅವರು ಮರೆತಿದ್ದರು. ಅಂಗಳಕ್ಕೆ ಕಾಲಿಟ್ಟವರು ಕಾಫಿ ತಿಂಡಿ ಇಲ್ಲದೆ ದಾಟಿಹೋದರೆ ಆ ಸೀಮೆಯಲ್ಲಿ ಮನೆಯವರ ಮರ್ಯಾದೆ ಹೋದಂತೆ. ತಟ್ಟೆಯಲ್ಲಿ ಬಿಟ್ಟು ಎದ್ದರಂತೂ ಜಗಳ ಆಡಿದ ಹಾಗೇ.

ಮೊದಲ ದಿನವೇ ರುಕ್ಮಿಣಮ್ಮ ಅಡ್ಡಗಟ್ಟಿದರು. "ಎಂಥದು ರೈಟ್ರೇ, ನಮ್ಮನೆ ನಿಮ್ಗೆ ರಸ್ತೆಯಾ? ಕೂತ್ಕೊಳಿ. ಮಗು ಎಷ್ಟು ಬಾಡಿದೆ ನೋಡಿ!"

(ಬಾಡಿದ ಮಗುವಿಗೆ ಕುಳಿತುಕೊಳ್ಳಲು ಬೆಂಚಿನ ಮುಕ್ಕಾಲು ಭಾಗ ಬೇಕಾಯಿತು.)

ಎರಡು ತಟ್ಟೆ ತುಂಬ ಹಲಸಿನಹಣ್ಣಿನ ಮುಳ್ಕ ಬಂತು. ಕರಿದದ್ದು! ರುಕ್ಮಿಣಮ್ಮ ಕಾಫಿ ತರಲು ಒಳಗೆ ಹೋದದ್ದೇ ತಡ, ವಿಷ್ಣುಮೂರ್ತಿಯವರು ಪಿಸುಗುಟ್ಟಿದರು: "ನೀನು ಮುಟ್ಬೇಡ. ಹೋಗಿ ಕರು ಜೊತೆ ಓಡು."

"ತಟ್ಟೆ ಹಾಗೇ ಇದ್ರೆ ಅಜ್ಜಿ ಬೇಜಾರ್ ಮಾಡ್ಕೊಳಲ್ವಾ ಅಪ್ಪ?"

"ಅದನ್ನ ನಾನು ನೋಡ್ಕೋತೀನಿ."

ನೋಡಿಕೊಂಡರು. ತಮ್ಮ ತಟ್ಟೆ ಮುಗಿಸಿ ಮಗನದನ್ನೂ ಮುಗಿಸಿದರು. ಕಾಫಿ ತಂದ ರುಕ್ಮಿಣಮ್ಮ ಎರಡು ಖಾಲಿ ತಟ್ಟೆ ನೋಡಿ, "ಅಯ್ಯೋ, ಹಸಿದಿತ್ತು ಮಗು!" ಎಂದು ಅಭಿರಾಮನ ತಟ್ಟೆಗೆ ಮತ್ತೆ ಆರು ಹಾಕಿದರು. ಮಗು ಕರುವಿನ ಹಿಂದೆ ಕೊಟ್ಟಿಗೆ ಸುತ್ತುತ್ತಿತ್ತು. ಆ ಆರಕ್ಕೂ ತಂದೆಯೇ ಗತಿಯಾದರು.

ಮುಂದೆ ಮೊಯ್ದುವಿನ ಮನೆ. ಅಲ್ಲಿ ಅವನ ಹೆಂಡತಿ ಮರಿಯಂ ನೇಂದ್ರಬಾಳೆಯ ಪೋಡಿ ಕರಿಯುತ್ತಿದ್ದಳು. "ರುಕ್ಮಿಣಮ್ಮೋರ ಮನೇಲಿ ತಿಂದು ನಮ್ಮನೇಲಿ ಬೇಡ ಅಂದ್ರೆ ಹೆಂಗೆ ಮಾರಾಯ್ರೇ?" ಎಂದ ಮೊಯ್ದು. ಅಭಿರಾಮ ಮೊಯ್ದುವಿನ ಮಗಳು ಅಲ್ಫಿಯಾಳ ಜೊತೆ ಕುಂಟಾಬಿಲ್ಲೆಗೆ ಇಳಿದ. ವಿಷ್ಣುಮೂರ್ತಿಯವರು ಎರಡು ತಟ್ಟೆಯ ಕರ್ತವ್ಯಕ್ಕೆ ಇಳಿದರು.

ಕೊನೆಗೆ ಬಂಡೆ ಹತ್ತಿ, ಏದುಸಿರು ಬಿಡುತ್ತ, ಕೈ ಎತ್ತಿ ಒತ್ತಿದರು: ಕರಿದ ತಿಂಡಿ ಸೊನ್ನೆ, ಟಿ.ವಿ. ಸೊನ್ನೆ, ನಡಿಗೆ ಅರವತ್ತು. ಮರುಕ್ಷಣವೇ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಉತ್ತರ ಬಂತು: 'ಶಹಬ್ಬಾಸ್! ನಿಮ್ಮಂಥ ಪೋಷಕರು ಪ್ರತಿ ಮನೆಯಲ್ಲೂ ಇರಲಿ.' ಒತ್ತಿದ ಅಂಕಿಗಳಲ್ಲಿ ಸುಳ್ಳೇನೂ ಇರಲಿಲ್ಲ. ಮಗು ತಿಂದಿರಲಿಲ್ಲ. ಪೋಷಕ ಎಷ್ಟು ತಿಂದ ಎಂದು ಯೋಜನೆ ಕೇಳಿರಲಿಲ್ಲ.

ಹೀಗೆ ದಿನಾ ಹೋಗುವಾಗ ಎರಡು ಮನೆ, ಬರುವಾಗ ಅದೇ ಎರಡು ಮನೆ. (ಹೋಗುವಾಗ ತಿಂದದ್ದು ಬರುವಾಗಿನ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ರುಕ್ಮಿಣಮ್ಮನ ಶಾಸ್ತ್ರ.) ಮಳೆ ಹಿಡಿದರೆ ಮುಳ್ಕ ಹೋಗಿ ಪತ್ರೊಡೆ, ಪತ್ರೊಡೆ ಹೋಗಿ ಕಡುಬು. ಮಗ ಆಚೆ ಓಡಿದ, ಅಪ್ಪ ಒಳಗೆ ಕೂತರು.

"ರಾತ್ರಿ ಊಟ ಯಾಕೆ ಬಿಟ್ರಿ?" ಮೂಕಾಂಬಿಕಾ ಕೇಳಿದಳು.

"ಮಗನ ಚಿಂತೇಲಿ ಹಸಿವೇ ಆಗಲ್ಲ ಕಣೇ."

"ಚಿಂತೆ ಮಾಡಿ ದಪ್ಪ ಆಗೋರನ್ನ ಇವತ್ತೇ ನೋಡಿದ್ದು. ಪ್ಯಾಂಟಿನ ಹುಕ್ಕು ಮೊನ್ನೆ ತಾನೇ ಹಾಕ್ಕೊಟ್ಟಿದ್ದೆ, ಮತ್ತೆ ಹಾರಿದೆ."

"ಹೊಸ ಸೋಪಿಗೆ ಬಟ್ಟೆ ಕುಗ್ತಾ ಇದೆ" ಎಂದು ವಿಷ್ಣುಮೂರ್ತಿಯವರು ಶಾಲಿನ ದಿನಕ್ಕೆ ಬರೆದ ಭಾಷಣ ತಿದ್ದಲು ಕುಳಿತರು.

ನಾಲ್ಕು ತಿಂಗಳು ಮುಗಿಯಿತು. ಶಾಲೆಯ ಸಭಾಂಗಣದಲ್ಲಿ ಎಲ್ಲರೆದುರು ಅಭಿರಾಮ ತೂಕದ ಯಂತ್ರ ಹತ್ತಿದ. ಮೂವತ್ತೆಂಟು! ಚಪ್ಪಾಳೆ. 'ಎಂ. ವಿಷ್ಣುಮೂರ್ತಿಯವರು ವೇದಿಕೆಗೆ ಬರಬೇಕು' ಎಂದು ಹೆಸರು ಕೂಗಿದಾಗ ಅವರ ಕಣ್ಣು ಒದ್ದೆಯಾಯಿತು. ವೇದಿಕೆಯ ನಾಲ್ಕು ಮೆಟ್ಟಿಲನ್ನು ಎರಡು ಕಂತಿನಲ್ಲಿ ಹತ್ತಿದರು.

"ಹೇಗೆ ಸಾಧಿಸಿದ್ರಿ ಸಾರ್? ಉಳಿದ ಪೋಷಕರಿಗೂ ಹೇಳಿ" ಎಂದರು ಡಾಕ್ಟರ್ ಅರ್ಪಿತಾ.

"ತ್ಯಾಗ ಮೇಡಂ" ಎಂದರು ವಿಷ್ಣುಮೂರ್ತಿ. "ಮಕ್ಕಳಿಗಾಗಿ ತಂದೆ ಎಷ್ಟೋ ಕಷ್ಟ ನುಂಗಬೇಕಾಗುತ್ತೆ."

ಡಾಕ್ಟರು ಮೈಕನ್ನು ಅಭಿರಾಮನತ್ತ ತಿರುಗಿಸಿದರು. "ನೀನು ಹೇಳು ಪುಟ್ಟ. ಅಪ್ಪ ಏನು ಮಾಡಿದ್ರು?"

"ನಂಗೆ ಆಟಕ್ಕೆ ಬಿಟ್ರು" ಎಂದ ಅಭಿರಾಮ ನಿಷ್ಕಪಟವಾಗಿ. "ನನ್ ಪಾಲಿನ ಮುಳ್ಕ, ಪೋಡಿ, ಕಡುಬು ಎಲ್ಲಾ ಅವ್ರೇ ತಿಂದ್ರು. ಹೋಗೋವಾಗ್ಲೂ, ಬರೋವಾಗ್ಲೂ."

ಸಭೆಯಲ್ಲಿ ನಗೆ ಹರಡಿತು. ಡಾಕ್ಟರು ಫಾರಂ ನೋಡಿ ಮೃದುವಾಗಿ ಹೇಳಿದರು: "ಪೋಷಕರ ತೂಕಕ್ಕೂ ಒಂದು ಕಾಲಂ ಇದೆ ಸಾರ್. ಯೋಜನೆಗೆ ಸೇರುವಾಗ ನಿಮ್ಮದು ಅರವತ್ತೆಂಟಿತ್ತು. ಸ್ವಲ್ಪ ಹತ್ತಿ."

ಹತ್ತಿದರು. ಮುಳ್ಳು ಓಡಿ ಓಡಿ ಎಂಬತ್ತೊಂದಕ್ಕೆ ನಿಂತಿತು.

"ಮನೆಯವ್ರೆಲ್ಲ ಸೇರಿ ಹತ್ತು ಕೆ.ಜಿ. ಜಾಸ್ತಿ ಆಗಿದೀರಿ" ಎಂದು ಲೆಕ್ಕ ಹಾಕಿದರು ಡಾಕ್ಟರು. ಆಮೇಲೆ ಒಂದು ಗಳಿಗೆ ಯೋಚಿಸಿ, "ಅಷ್ಟು ತಿಂಡಿ ಎದುರಿಗಿದ್ರೂ ಕೈ ಹಾಕದೇ ಇದ್ದೋನು ಇವನು" ಎಂದು ಶಾಲನ್ನು ಅಭಿರಾಮನಿಗೇ ಹೊದಿಸಿದರು. ಮುಂದಿನ ತಂಡದ ಪಟ್ಟಿಯಲ್ಲಿ ವಿಷ್ಣುಮೂರ್ತಿಯವರ ಹೆಸರು 'ಮಗು' ಎಂಬ ಕಡೆ ಬಿತ್ತು. ಪೋಷಕರ ಜಾಗದಲ್ಲಿ ಮೂಕಾಂಬಿಕಾ ಸಹಿ ಹಾಕಿ, ಗಂಡನ ಜೇಬಿನಿಂದ ಮೊಬೈಲು ತೆಗೆದುಕೊಂಡಳು.

ಫೋಟೋ ತೆಗೆಯಲು ಬಂದ ಸಫ್ದರ್ ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದೆ ಹೋದ, ಇನ್ನೂ ಹಿಂದೆ ಹೋದ, ಗೋಡೆಗೆ ತಾಗಿ ನಿಂತ. "ರೈಟ್ರೇ, ಬೇಜಾರ್ ಮಾಡ್ಕೋಬೇಡಿ. ನೀವೊಬ್ರು ಪಕ್ಕಕ್ಕೆ ಸರಿದ್ರೆ ಉಳಿದೋರೆಲ್ಲ ಹಿಡಿಸ್ತಾರೆ."

ಸರಿದರು. ಆ ಫೋಟೋ ಇಂದಿಗೂ ಶಾಲೆಯ ಗೋಡೆಯ ಮೇಲಿದೆ. ಮಧ್ಯದಲ್ಲಿ ಶಾಲು ಹೊದ್ದ ಅಭಿರಾಮ, ಅಕ್ಕಪಕ್ಕ ಡಾಕ್ಟರು ಮತ್ತು ಮೂಕಾಂಬಿಕಾ. ಎಡಗಡೆಯ ಅಂಚಿನಲ್ಲಿ, ಹುಕ್ಕಿಲ್ಲದ ಪ್ಯಾಂಟಿನ ಮೇಲೆ, ಯಾರದೋ ಅರ್ಧ ಹೊಟ್ಟೆ.